ಕದ್ದಾಲಿಸುವ ಕಿವಿಗೆ ಎದುರಾಟ

ಹುಣಿಸೆಬೀಜವನ್ನು ಮುಷ್ಟಿಯಲ್ಲಡಗಿಸಿ ‘ಯಾವ ಕೈ?’ ಎಂದು ಕೇಳುವ ಮಕ್ಕಳಾಟವನ್ನು ಅರಿಯದವರಾರು? ಸದಾ ಬಲಗೈಯಲ್ಲೇ ಅಡಗಿಸುವ ಹುಡುಗ ಸೋಲುತ್ತಾನೆ. ಎಡ, ಬಲ ಎಂದು ಸರದಿಯಂತೆ ಬದಲಿಸುವ ಜಾಣನೂ ನಾಲ್ಕಾರು ಸುತ್ತಿನಲ್ಲಿ ಸಿಕ್ಕಿಬೀಳುತ್ತಾನೆ. ಗುಟ್ಟಾಗಿ ನಾಣ್ಯ ಚಿಮ್ಮಿ, ಅದು ತೋರಿದ ಕೈಯಲ್ಲಿ ಅಡಗಿಸುವವನ ಮುಂದೆ ಮಾತ್ರ ಎಂಥ ಚತುರನ ಊಹೆಯೂ ಸರಾಸರಿ ಅರ್ಧಕ್ಕರ್ಧವೇ ಫಲಿಸೀತು. ಒಬ್ಬನ ಗೆಲುವೇ ಇನ್ನೊಬ್ಬನ ಸೋಲಾಗುವ ಇಂಥ ಆಟಗಳಲ್ಲಿ, ನಷ್ಟಕ್ಕೊಂದು ಎಲ್ಲೆ ಕಟ್ಟುವ ನಡೆ ಇದ್ದೇ ಇದೆಯೆಂದು ಹಂಗೇರಿಯ ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲಿ ಸಾಧಿಸಿ ತೋರಿಸಿದನು.

ನಿಸ್ತಂತು ವಾರ್ತೆಯದೂ ಇದೇ ಆಟ. ಆಕಾಶಕ್ಕೆ ಬಿಟ್ಟ ಮಾತು ಮಿತ್ರನ ಕಿವಿಗೆ ಬಿದ್ದಂತೆ ಶತ್ರುವಿನ ಕಿವಿಗೂ ಬೀಳುತ್ತದೆ. ಎರಡನೆಯ ಮಹಾಯುದ್ಧದ ನಡುವೆ ಇದಕ್ಕೊಂದು ಉಪಾಯ ಹೂಡಿದವರು, ಆಶ್ಚರ್ಯವೆಂದರೆ, ಹಾಲಿವುಡ್ಡಿನ ತಾರೆ ಹೆಡಿ ಲಮಾರ್ ಮತ್ತು ಸಂಗೀತಕಾರ ಜಾರ್ಜ್ ಆಂಟೈಲ್. ರೇಡಿಯೋ ಆಜ್ಞೆಯಿಂದ ಸಾಗುವ ಟಾರ್ಪಿಡೋವನ್ನು ಶತ್ರು ಪತ್ತೆಹಚ್ಚಿ ಅಡ್ಡಿಪಡಿಸಬಾರದು. ಅದಕ್ಕಾಗಿ ಆಜ್ಞೆ ಒಂದು ತರಂಗದಿಂದ ಇನ್ನೊಂದಕ್ಕೆ ಜಿಗಿಯುತ್ತಿರಬೇಕು. ಹಡಗಿನಲ್ಲೊಂದು, ಟಾರ್ಪಿಡೋದಲ್ಲೊಂದು, ಒಂದೇ ಬಗೆಯ ರಂಧ್ರಗಳುಳ್ಳ ಕಾಗದದ ಸುರುಳಿಗಳು ಜೊತೆಜೊತೆಯಾಗಿ ಸುತ್ತಬೇಕು. ತರಂಗಗಳು 88, ಪಿಯಾನೋದ ಮನೆಗಳಷ್ಟೇ! 1942ರ ಆಗಸ್ಟಿನಲ್ಲಿ ಪೇಟೆಂಟು ದೊರೆಯಿತು. ಅಮೆರಿಕದ ನೌಕಾಪಡೆ ಅದನ್ನು ಮೂಲೆಗಿಟ್ಟಿತು. ಜಿಗಿತದ ಕ್ರಮ ನಾಣ್ಯ ಚಿಮ್ಮಿದಷ್ಟು ಅನಿರೀಕ್ಷಿತವಾಗಿದ್ದರೆ, ಒಮ್ಮೆಗೆ ಒಂದೇ ತರಂಗಕ್ಕೆ ಕಿವಿಗೊಡಬಲ್ಲವನಿಗೆ ದಕ್ಕುವುದು 88ರಲ್ಲಿ ಒಂದು ಪಾಲು.

ಇಂದಿನ ಬ್ಲೂಟೂತ್ 79 ತರಂಗಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯಬಲ್ಲದು. ಆದರೆ ಅದರ ಕ್ರಮವು ಉಪಕರಣದ ವಿಳಾಸ, ಗಡಿಯಾರಗಳಿಂದ ಹುಟ್ಟುವುದರಿಂದ ಪತ್ತೆಗೆ ಸಿಗದ್ದೇನಲ್ಲ. ಗುಟ್ಟು ಕಾಯಲು ಗೂಢಲಿಪಿಯೇ ಬೇಕು. ಮೇಲಾಗಿ, ಎಲ್ಲ ತರಂಗಗಳನ್ನೂ ಒಮ್ಮೆಲೇ ಆಲಿಸುವ ಯಂತ್ರಗಳು ಬಂದಿರುವಾಗ ಜಿಗಿತದಿಂದ ಏನು ಫಲ?

ಅಲ್ಲಿಂದ ಆಟ ಬೇರೆಯಾಯಿತು. ಕಳ್ಳನಿಗೆ ಕೇಳಿಸುವುದು ಮಿತ್ರನಿಗಿಂತ ಮಸಕಾಗಿದ್ದರೆ, ಕೀಲಿಯಿಲ್ಲದೆಯೂ ಗುಟ್ಟು ಕಳುಹಿಸಬಹುದೆಂದು ಆರನ್ ವೈನರ್ 1975ರಲ್ಲಿ ತೋರಿಸಿದನು. ಹಾಗಾದರೆ ಕಳ್ಳನ ಕಡೆಗೆ ಗದ್ದಲವೆಬ್ಬಿಸಬಾರದೇಕೆ? ಇರುವ ವಿದ್ಯುತ್ತಿನಲ್ಲಿ ಮಾತಿಗೆಷ್ಟು, ಗದ್ದಲಕ್ಕೆಷ್ಟು ಎಂಬುದೇ ಲೆಕ್ಕ. ಗದ್ದಲವನ್ನು ನೆರೆಯ ಉಪಕರಣದಿಂದ ಬೆಲೆಗೆ ಕೊಳ್ಳುವ ಆಟವನ್ನೂ ಗಣಿತಜ್ಞರು ಹೂಡಿದ್ದಾರೆ: ಬೆಲೆ ಏರಿಸಿದರೆ ಗಿರಾಕಿಯಿಲ್ಲ, ಇಳಿಸಿದರೆ ಲಾಭವಿಲ್ಲ, ಅಪ್ಪಟ ಸಂತೆಯ ಚೌಕಾಸಿ!

ತೊಡಕೊಂದುಂಟು. ಕದ್ದಾಲಿಸುವವನು ತುಟಿ ಬಿಚ್ಚುವುದಿಲ್ಲ. ಎಲ್ಲಿ ಕುಳಿತಿದ್ದಾನೆಂಬ ಸುಳಿವೇ ಸಿಗದು. ಆದ್ದರಿಂದ ಎಚ್ಚರದ ಗಣಿತಜ್ಞರು, ತಮಗೆ ಅತ್ಯಂತ ಪ್ರತಿಕೂಲವಾದ ಜಾಗದಲ್ಲೇ ಅವನು ಇದ್ದಾನೆಂದು ಎಣಿಸಿ ಲೆಕ್ಕಕ್ಕೆ ತೊಡಗುತ್ತಾರೆ.