ಮಾವಿನ ಸೀಮೆಯಲ್ಲಿ ಲೆಕ್ಕಶಾಸ್ತ್ರದ ಮೊದಲ ಪಾಠ

2025ರ ಜೂನ್ ತಿಂಗಳಿನಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯು ಕರ್ನಾಟಕದ ತೋತಾಪುರಿ ಮಾವಿಗೆ ತನ್ನ ಗಡಿಯನ್ನು ಮುಚ್ಚಿ, ಅಲ್ಲಿಯ ತಿರುಳು ಕಾರ್ಖಾನೆಗಳನ್ನೇ ನಂಬಿಕೊಂಡಿದ್ದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸೀಮೆಯ ಬೆಳೆಗಾರರು ಬೀದಿಗಿಳಿದಾಗ, ನಮ್ಮ ಮುಖ್ಯಮಂತ್ರಿಗಳು ಕೇಂದ್ರ ಸರ್ಕಾರಕ್ಕೆ ಬರೆದ ಪತ್ರದಲ್ಲಿ ಮೂರು ಅಂಕಿಗಳಿದ್ದವು. ಕ್ವಿಂಟಾಲಿಗೆ 12,000 ರೂಪಾಯಿ ಇದ್ದ ಬೆಲೆ 3,000ಕ್ಕೆ ಕುಸಿದಿದೆಯೆಂಬುದು ಮೊದಲಿನ ಎರಡು. ರಾಜ್ಯ ಕೃಷಿ ಬೆಲೆ ಆಯೋಗದ ಗಣನೆಯಂತೆ ಉತ್ಪಾದನೆಯ ವೆಚ್ಚವೇ 5,466 ರೂಪಾಯಿಯೆಂಬುದು ಮೂರನೆಯದು. ಮೊದಲಿನ ಎರಡನ್ನು ಮಂಡಿಗೆ ಹೋಗಿ ನಿಂತ ಯಾರಾದರೂ ಹೇಳಿಯಾರು. ಮೂರನೆಯದು ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ಪುಸ್ತಕವಿಟ್ಟು ಬರೆದವನಿಗೆ ಮಾತ್ರ ಅದು ತಿಳಿಯುತ್ತದೆ. ರಾಜಧಾನಿಯ ಆಯೋಗವೊಂದು ಹೇಳಿದ ಆ ಅಂಕಿಯನ್ನು ತನ್ನ ತೋಟದ ಮಟ್ಟಿಗೆ ಹೌದೆನ್ನಲಿಕ್ಕಾಗಲಿ ಅಲ್ಲವೆನ್ನಲಿಕ್ಕಾಗಲಿ ಬೇಕಾದ ಆಧಾರವು ಆ ಸೀಮೆಯ ರಾಯಲ್ಪಾಡು ಹೋಬಳಿಯ ಎಷ್ಟು ಮನೆಗಳಲ್ಲಿದ್ದೀತು? ಬಹಳ ಮನೆಗಳಲ್ಲಿ ಇಲ್ಲವೆಂದೇ ನಾನು ಭಾವಿಸುತ್ತೇನೆ. ಆ ಮನೆಗಳ ಮಕ್ಕಳು ಕಾಲೇಜಿಗೆ ಹೋಗುತ್ತಿರುವ ಈ ಕಾಲದಲ್ಲಿಯೂ ಅದು ಇಲ್ಲದಿರುವುದು ನಮ್ಮ ವಿದ್ಯಾಭ್ಯಾಸದ ಕ್ರಮದಲ್ಲಿರುವ ದೊಡ್ಡ ಲೋಪವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಕೇಳುವುದು ಇಷ್ಟೆ. ಪದವಿ ತರಗತಿಗೆ ಸೇರತಕ್ಕ ಪ್ರತಿಯೊಬ್ಬ ವಿದ್ಯಾರ್ಥಿಯೂ, ಆತನು ಚರಿತ್ರೆಯನ್ನು ಓದಲಿ, ರಸಾಯನಶಾಸ್ತ್ರವನ್ನು ಓದಲಿ, ಲೆಕ್ಕಶಾಸ್ತ್ರದ ಪ್ರಥಮ ಪಾಠಗಳನ್ನು ಒಂದು ಸೆಮಿಸ್ಟರಿನ ಮಟ್ಟಿಗಾದರೂ ಕಲಿಯತಕ್ಕದ್ದು. ಮತ್ತು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಲೇಜುಗಳಲ್ಲಿ ಆ ಪಾಠದ ಲೆಕ್ಕಗಳು ಈ ನೆಲದ ಬದುಕಿನಿಂದಲೇ ಎತ್ತಿಕೊಂಡವುಗಳಾಗಿರಬೇಕು.

ಈಗ ನಡೆಯುತ್ತಿರುವ ಕ್ರಮವನ್ನು ನೋಡೋಣ. ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕಿನ ಅಂಚಿನಲ್ಲಿ, ಮದನಪಲ್ಲಿಯ ಕಡೆಗೆ ಮುಖಮಾಡಿರುವ ಗಡಿಯ ಊರು. ಅಲ್ಲಿ ಮನೆಯ ಮಾತು ಬಹುಮಟ್ಟಿಗೆ ತೆಲುಗು, ಶಾಲೆಯ ಮಾತು ಕನ್ನಡ, ಬಿ.ಕಾಂ. ಸೇರಿದೊಡನೆ ಪುಸ್ತಕದ ಮಾತು ಇಂಗ್ಲಿಷ್. ಮೊದಲ ವಾರದಲ್ಲಿ ವಿದ್ಯಾರ್ಥಿಗೆ ಎದುರಾಗುವುದು ಯಾವುದೋ ಮಹಾನಗರದ ಪೀಠೋಪಕರಣದ ವರ್ತಕನ ವ್ಯವಹಾರ. ಅವನು ಬಂಡವಾಳ ತೊಡಗಿಸಿದನು, ಕಡ ತಂದನು, ಸರಕನ್ನು ಕೊಂಡನು, ಇವುಗಳನ್ನೆಲ್ಲ ಡೆಬಿಟ್ ಕ್ರೆಡಿಟ್‌ಗಳ ಮೂರು ಸೂತ್ರಗಳಿಗೆ ಒಪ್ಪಿಸಿ ಬರೆಯಬೇಕು. ಬುದ್ಧಿವಂತರಾದ ಮಕ್ಕಳು ಸೂತ್ರಗಳನ್ನು ಕಂಠಸ್ಥಮಾಡಿ ಉತ್ತೀರ್ಣರಾಗುತ್ತಾರೆ. ತಮ್ಮ ತಂದೆ ಮಂಡಿಯಿಂದ ಪಡೆದ ಮುಂಗಡವೂ ಆ ಪುಸ್ತಕದ ವಿಷಯವೇ ಎಂಬುದು ಅವರಿಗೆ ಹೊಳೆಯುವುದಿಲ್ಲ. ಹೊಳೆಯಿಸುವ ಪ್ರಯತ್ನವನ್ನು ಪಠ್ಯವೂ ಮಾಡುವುದಿಲ್ಲ. ಇನ್ನು ಬಿ.ಎ., ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಈ ಶಾಸ್ತ್ರದ ಗಾಳಿಯೂ ತಾಕುವುದಿಲ್ಲ.

ಈ ಸೀಮೆಯ ಒಂದು ಮಾವಿನ ತೋಟವನ್ನು ಲೆಕ್ಕಶಾಸ್ತ್ರದ ಕಣ್ಣಿನಿಂದ ನೋಡಿದರೆ, ಪಠ್ಯಪುಸ್ತಕದ ಪೀಠೋಪಕರಣದ ಅಂಗಡಿಯಲ್ಲಿ ಎಂದೂ ಸಿಕ್ಕದಷ್ಟು ಪ್ರಶ್ನೆಗಳು ಅಲ್ಲಿ ಒಮ್ಮೆಗೇ ಏಳುತ್ತವೆ. ಮಳೆಗಾಲದಲ್ಲಿ ಉಳುಮೆ ಮತ್ತು ಗೊಬ್ಬರ, ಚಳಿಗಾಲದಲ್ಲಿ ಔಷಧ ಸಿಂಪಡಣೆ, ಪುಷ್ಯ ಮಾಘಗಳಲ್ಲಿ ಹೂವು, ಮೇ ತಿಂಗಳಿನಿಂದ ಜುಲೈವರೆಗೆ ಕೊಯ್ಲು. ಆದರೆ ನಮ್ಮ ಸರ್ಕಾರದ ಆರ್ಥಿಕ ವರ್ಷವು ಮಾರ್ಚ್ 31ಕ್ಕೆ ಮುಗಿಯುತ್ತದೆ. ಆ ದಿನ ಖರ್ಚಿನ ಬಹುಭಾಗವು ಮುಗಿದಿರುತ್ತದೆ. ಕಾಯಿ ಇನ್ನೂ ಕೊಂಬೆಯ ಮೇಲಿರುತ್ತದೆ. ಕೈಗೆ ಕಾಸು ಬಂದಿರುವುದಿಲ್ಲ. ಅಂದಿಗೆ ಪುಸ್ತಕವನ್ನು ಮುಚ್ಚಿದವನಿಗೆ ಬರೀ ನಷ್ಟ ಕಾಣುವುದು, ಜುಲೈ ಕೊನೆಯಲ್ಲಿ ಬರೀ ಮಾರಾಟವನ್ನೆಣಿಸಿದವನಿಗೆ ಬರೀ ಲಾಭ ಕಾಣುವುದು, ಎರಡೂ ಸತ್ಯವಲ್ಲ. ಯಾವ ವೆಚ್ಚವು ಯಾವ ಆದಾಯಕ್ಕಾಗಿ ನಡೆಯಿತೋ ಅದನ್ನು ಅದರ ಎದುರಿಗಿಟ್ಟು ತೂಗಬೇಕೆಂಬ, ಈ ಶಾಸ್ತ್ರದ ಮೂಲತತ್ತ್ವಗಳಲ್ಲೊಂದನ್ನು ವಿವರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ.

ಹೂವಿನ ಮೇಲೆಯೇ ತೋಟವನ್ನು ಗುತ್ತಿಗೆಗೆ ಕೊಟ್ಟು ಮುಂಗಡ ಪಡೆದವನ ಸಂಗತಿಯು ಮತ್ತೂ ಸೂಕ್ಷ್ಮವಾದುದು. ಕೈಗೆ ಬಂದ ಹಣವೆಲ್ಲ ಆದಾಯವಲ್ಲ. ಕೊಟ್ಟ ಮಾತು ನೆರವೇರುವ ತನಕ ಅದು ಋಣವೇ ಸರಿ. ಮಂಡಿಯವರಿಂದ ತಂದ ಮುಂಗಡವೂ ಹಾಗೆಯೇ. ಅದನ್ನು ಮಗಳ ಮದುವೆಗೆ ವೆಚ್ಚಮಾಡಿ, ಸುಗ್ಗಿಯ ಕೊನೆಗೆ ಮಂಡಿಯ ಪಟ್ಟಿಯಲ್ಲಿ ಅದು ವಜಾ ಆದಾಗ, ಈ ಸಾರಿ ತೋಟ ಏನೂ ಕೊಡಲಿಲ್ಲವೆಂದು ನಿಟ್ಟುಸಿರಿಡುವ ಗೃಹಸ್ಥರು ನಮ್ಮ ಹೋಬಳಿಗಳಲ್ಲಿ ಅನೇಕರು. ತೋಟವು ಕೊಟ್ಟಿತ್ತು, ಮನೆಯು ಮೊದಲೇ ತೆಗೆದುಕೊಂಡಿತ್ತು. ವ್ಯವಹಾರ ಬೇರೆ, ಅದರ ಯಜಮಾನ ಬೇರೆ, ಎಂದು ಎರಡು ಖಾತೆಗಳನ್ನು ತೆರೆಯುವುದು ಲೆಕ್ಕಶಾಸ್ತ್ರದ ಮೊದಲ ಅಧ್ಯಾಯದ ಮೊದಲ ಪುಟದಲ್ಲಿರುವ ನಿಯಮ. ಆ ಒಂದು ಪುಟವನ್ನು ನಿಜವಾಗಿ ಗ್ರಹಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ, ಲಾಭದ ತೋಟವನ್ನು ನಷ್ಟದ್ದೆಂದು ತಿಳಿದು ಮಾರುವ ದುಡುಕು, ನಷ್ಟದ ಬೆಳೆಯನ್ನು ಲಾಭದ್ದೆಂದು ನಂಬಿ ವರ್ಷವರ್ಷವೂ ಇಡುವ ಭ್ರಮೆ, ಎರಡೂ ಎಷ್ಟೋ ಮಟ್ಟಿಗೆ ತಪ್ಪುವುವು.

ಕೊಳವೆಬಾವಿಯ ವಿಷಯವನ್ನು ಹೇಳದೆ ಕೋಲಾರದ ಲೆಕ್ಕವನ್ನು ಹೇಳಿದಂತಾಗುವುದಿಲ್ಲ. ಸದಾ ಹರಿಯುವ ಹೊಳೆಯಿಲ್ಲದ ಈ ಜಿಲ್ಲೆಯಲ್ಲಿ ನೀರಿಗಾಗಿ ಸಾವಿರ ಅಡಿಗಳಾಚೆಗೂ ಕೊರೆಯುವುದುಂಟು. ರೈತನೊಬ್ಬನು ನಾಲ್ಕು ಕಡೆ ಕೊರೆಸಿ ಒಂದರಲ್ಲಿ ಮಾತ್ರ ನೀರು ಕಂಡನೆನ್ನಿ. ನೀರು ಬಂದ ಬಾವಿಯೊಂದನ್ನೇ ಆಸ್ತಿಯೆಂದು ಬರೆದು ಉಳಿದ ಮೂರರ ವೆಚ್ಚವನ್ನು ಅದೇ ವರ್ಷದ ನಷ್ಟಕ್ಕೆ ಹಾಕಬೇಕೆ? ಅಥವಾ ಆ ಒಂದನ್ನು ಪಡೆಯುವುದಕ್ಕೆ ಮೂರನ್ನು ಕಳೆದುಕೊಳ್ಳುವುದು ಅನಿವಾರ್ಯವಾಗಿದ್ದುದರಿಂದ, ನಾಲ್ಕರ ವೆಚ್ಚವನ್ನೂ ಒಂದಾಗಿ ಸೇರಿಸಿ, ನೀರು ನಿಲ್ಲುವ ಕಾಲದವರೆಗೆ ಸವಕಳಿಯಾಗಿ ಹಂಚಬೇಕೆ? ಭೂಗರ್ಭದಲ್ಲಿ ತೈಲವನ್ನರಸುವ ಕಂಪನಿಗಳ ಮುಂದೆ ಇದೇ ಪ್ರಶ್ನೆ ಬಂದು, ಜಗತ್ತಿನ ಲೆಕ್ಕಪರಿಶೋಧಕರು ಈ ಎರಡು ಪದ್ಧತಿಗಳನ್ನೂ ದಶಕಗಳ ಕಾಲ ಚರ್ಚಿಸಿ ಎರಡಕ್ಕೂ ಎಡೆಗೊಟ್ಟಿದ್ದಾರೆ. ರಾಯಲ್ಪಾಡಿನ ರೈತನೂ ಅದೇ ಪ್ರಶ್ನೆಯ ಮುಂದೆ ನಿಂತಿದ್ದಾನೆ. ಆದರೆ ಅವನ ಮನೆಯ ಹುಡುಗನಿಗೆ ತರಗತಿಯಲ್ಲಿ ಕುರ್ಚಿ ಮೇಜುಗಳ ಸವಕಳಿಯನ್ನು ಕಲಿಸಲಾಗುತ್ತಿದೆ.

ಮರವನ್ನು ಕುರಿತೂ ಒಂದು ಮಾತು. ದಶಕಗಳ ಕಾಲ ಫಲ ಕೊಡುವ ಗಿಡಮರಗಳನ್ನು ಯಂತ್ರಗಳಂತೆ ಸ್ಥಿರಾಸ್ತಿಯೆಂದು ಗಣಿಸಿ ಸವಕಳಿ ಹಾಕಬೇಕೆಂದೂ, ಅವುಗಳ ಮೇಲಿರುವ ಫಲವನ್ನು ಮಾತ್ರ ಬೇರೆಯಾಗಿ ಅಂದಿನ ಬೆಲೆಗೆ ಎಣಿಸಬೇಕೆಂದೂ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳಿಗೆ 2014ರಲ್ಲಿ ತಿದ್ದುಪಡಿಯಾಯಿತು. ಭಾರತದ ಮಾನದಂಡಗಳೂ ಅದನ್ನು ಅನುಸರಿಸಿವೆ. ಒಂದು ವರ್ಷ ಕಾಯಿ ಬಿಟ್ಟು ಮರುವರ್ಷ ದಣಿಯುವ ಸ್ವಭಾವವುಳ್ಳ ಮಾವನ್ನು ಬೆಳೆಸುವ ಸೀಮೆಯಲ್ಲಿ ಇದು ಪಂಡಿತರ ಸೂಕ್ಷ್ಮವಾಗಿ ಮಾತ್ರ ಉಳಿಯಬೇಕಾಗಿಲ್ಲ. ಕಾಯಿಯ ವರ್ಷದ ಆದಾಯದಲ್ಲಿ ಬಿಡುವಿನ ವರ್ಷದ ಪಾಲೂ ಇದೆಯೆಂಬುದನ್ನು ಅಂಕಿಗಳಲ್ಲಿ ಕಂಡವನು ಹಣವನ್ನು ಹಿಡಿದು ಖರ್ಚು ಮಾಡುತ್ತಾನೆ.

ಈ ಶಾಸ್ತ್ರವು ಎಲ್ಲವನ್ನೂ ಹೇಳುತ್ತದೆಂದು ನಾನು ಸಾಧಿಸುವುದಿಲ್ಲ. ಹಣದ ರೂಪಕ್ಕೆ ಬಾರದ ಯಾವುದನ್ನೂ ಅದು ಬರೆದುಕೊಳ್ಳುವುದಿಲ್ಲ. ಮನೆಯ ಹೆಂಗಸರು ತೋಟದಲ್ಲಿ ಬಗ್ಗಿ ದುಡಿದ ದಿನಗಳು, ನಸುಕಿನಲ್ಲೆದ್ದು ಹಾಲು ಕರೆದು ಡೇರಿಗೆ ಹಾಕಿದ ಶ್ರಮ, ಇವು ಯಾವ ಖಾತೆಯಲ್ಲಿಯೂ ಏರುವುದಿಲ್ಲ. ಹಾಲಿನ ಬಟವಾಡೆಯ ದಿನ ಮೇವು, ಹಿಂಡಿಗಳ ಬೆಲೆಯನ್ನು ಕಳೆದು ಉಳಿದುದನ್ನೆಲ್ಲ ಲಾಭವೆಂದುಕೊಳ್ಳುತ್ತೇವೆ. ಆದರೆ ಬೆಲೆ ಆಯೋಗಗಳು ಉತ್ಪಾದನಾ ವೆಚ್ಚವನ್ನು ಕಟ್ಟುವಾಗ ಮನೆಯವರ ದುಡಿಮೆಗೂ ಕೂಲಿ ಕಟ್ಟುತ್ತವೆ. ಹಣಕಾಸಿನ ಲೆಕ್ಕ ಎಲ್ಲಿಗೆ ನಿಲ್ಲುತ್ತದೆ, ವೆಚ್ಚದ ಲೆಕ್ಕ ಎಲ್ಲಿಂದ ತೊಡಗುತ್ತದೆ ಎಂಬ ಈ ಮೇರೆಯನ್ನು ತೋರಿಸಿಕೊಡುವುದು ಮೊದಲ ಪಾಠದ ಕರ್ತವ್ಯಗಳಲ್ಲಿ ಸೇರಿದೆ. ತನ್ನ ತಾಯಿಯ ದುಡಿಮೆಯ ಬೆಲೆಯನ್ನು ಒಮ್ಮೆ ಕಾಗದದ ಮೇಲೆ ಕಟ್ಟಿ ನೋಡಿದ ತರುಣನ ಮನಸ್ಸು ಮೊದಲಿದ್ದಂತೆಯೇ ಇರಲಾರದು.

ನಮ್ಮ ದೇಶಕ್ಕೆ ಲೆಕ್ಕ ಹೊಸತಲ್ಲ. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಚೇರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಬಗೆಗಳ ಎಣಿಕೆ ಅದೇ ಗ್ರಂಥದಲ್ಲಿದೆ. ಅಲ್ಲಿಯ ಲೆಕ್ಕದ ವರ್ಷ ಮುಗಿಯುವುದು ಆಷಾಢದಲ್ಲಿ. ನಮ್ಮ ಮಾವಿನ ಸುಗ್ಗಿಯೂ ಸರಿಸುಮಾರು ಆಗಲೇ ಮುಗಿಯುತ್ತದೆ. ತೋಟಗಾರನಿಗೆ ಮಾರ್ಚಿಗಿಂತ ಆಷಾಢವೇ ಸಹಜವಾದ ವರ್ಷಾಂತ್ಯ. ಹುಣಿಸೆ ಬೀಜದ ಸರಿ ಮತ್ತು ಇದ್ದಲಿನ ಮಸಿಯನ್ನು ಬಟ್ಟೆಗೆ ಬಳಿದು ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ಮಠಗಳೂ ವರ್ತಕರೂ ಶತಮಾನಗಳ ಕಾಲ ಲೆಕ್ಕವಿಟ್ಟರು. ಇಟಲಿಯ ಪಾದ್ರಿ ಲೂಕಾ ಪಾಚಿಯೋಲಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚುಹಾಕಿಸಿದ ಗಣಿತಗ್ರಂಥದಲ್ಲಿ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದಾಗ, ಅವನೂ ತಾನು ಕಂಡುಹಿಡಿದದ್ದನ್ನು ಬರೆಯಲಿಲ್ಲ. ಆ ಊರಿನ ವ್ಯಾಪಾರಿಗಳು ಅದಾಗಲೇ ನಡೆಸುತ್ತಿದ್ದುದನ್ನು ಎಲ್ಲರಿಗೂ ತಿಳಿಯುವಂತೆ ಮಾಡಿದನು.

ಎಲ್ಲರಿಗೂ ತಿಳಿಯುವಂತೆ ಮಾಡಿದ ಆ ಕಾರ್ಯವು ನಮ್ಮ ಹಳ್ಳಿಗಳಲ್ಲಿ ನಡೆಯಲಿಲ್ಲ. ಊರಿನ ಲೆಕ್ಕವು ಶಾನುಭೋಗರ ವಂಶಪಾರಂಪರ್ಯದ ಹಕ್ಕಾಗಿ ಒಂದೇ ಮನೆಯಲ್ಲಿ ಉಳಿಯಿತು. ಅವರಲ್ಲಿ ಧರ್ಮಬುದ್ಧಿಯಿಂದ ನಡೆದವರು ಬಹುಮಂದಿ ಇದ್ದಿರಬಹುದು. ಆದರೆ ಉಳಿದ ಊರೆಲ್ಲ ಅವರ ಬಾಯಿಮಾತನ್ನು ನಂಬಬೇಕಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ ಆ ಹಕ್ಕು ಹೋಯಿತು. ಆದರೆ ಆ ವಿದ್ಯೆಯು ಊರಿಗೆ ಹಂಚಿಹೋಗಲಿಲ್ಲ. ಕೃಷಿಯ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವಾದ್ದರಿಂದ ಪುಸ್ತಕವಿಡಬೇಕೆಂಬ ಕಾನೂನಿನ ಒತ್ತಾಯವೂ ರೈತನಿಗೆ ಇಲ್ಲ. ಇಂದು ಬರೆಯುವವನು ಮಂಡಿಯ ಗುಮಾಸ್ತನು. ಕೈಯೊಡ್ಡಿ ಪಟ್ಟಿಯನ್ನು ತೆಗೆದುಕೊಳ್ಳುವವನು ರೈತ.

ಆ ಪಟ್ಟಿಯನ್ನೇ ತರಗತಿಗೆ ತರಬೇಕೆಂದು ನಾನು ಹೇಳುತ್ತೇನೆ. ತೂಕ, ದರ, ಹಮಾಲಿ, ಲಾರಿ ಬಾಡಿಗೆ, ಕಮಿಷನ್, ಮುಂಗಡದ ವಜಾ, ಬಾಕಿ. ಇಷ್ಟು ಸಾಲುಗಳಲ್ಲಿ ಲೆಕ್ಕಶಾಸ್ತ್ರದ ಅರ್ಧ ಪಠ್ಯಕ್ರಮವೇ ಅಡಗಿದೆ. ಕಮಿಷನ್ನನ್ನು ಕೊಳ್ಳುವವನಿಂದಲ್ಲದೆ ಮಾರುವ ರೈತನಿಂದ ಹಿಡಿಯತಕ್ಕದ್ದಲ್ಲವೆಂಬುದು ನಮ್ಮ ರಾಜ್ಯದ ಕೃಷಿ ಮಾರುಕಟ್ಟೆಯ ನಿಯಮ. ಆ ಸಾಲು ಪಟ್ಟಿಯಲ್ಲಿದ್ದರೆ ಏಕಿದೆಯೆಂದು ಕೇಳುವ ಧೈರ್ಯವು, ಆ ಪಟ್ಟಿಯನ್ನು ಓದಿ ಮತ್ತೊಂದು ಪುಸ್ತಕದಲ್ಲಿ ಏರಿಸಬಲ್ಲವನಿಗೆ ತಾನಾಗಿ ಬರುತ್ತದೆ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಟೊಮೇಟೊ ಬಾಕ್ಸಿಗೆ 2,000 ರೂಪಾಯಿಗೂ ಮೀರಿ ಬೆಲೆ ಬಂದಾಗ ಊರೆಲ್ಲ ಅದನ್ನು ಮಾತಾಡಿಕೊಂಡಿತು. ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳನ್ನೂ ಅದರೊಡನೆ ಸೇರಿಸಿ ಐದು ವರ್ಷದ ಸರಾಸರಿಯನ್ನು ತೆಗೆದು ನೋಡಿದವರು ಎಷ್ಟು ಮಂದಿ?

ಟ್ಯಾಲಿ ಕಲಿತರೆ ಸಾಲದೆ, ಇದೆಲ್ಲ ಏತಕ್ಕೆ, ಎನ್ನುವವರಿದ್ದಾರೆ. ನಮ್ಮ ಬೆಂಗಳೂರಿನಲ್ಲಿಯೇ 1986ರಲ್ಲಿ ತೊಡಗಿದ ಸಂಸ್ಥೆಯೊಂದರಿಂದ ಹೊರಟು ದೇಶದ ಲಕ್ಷಾಂತರ ಅಂಗಡಿಗಳನ್ನು ಹೊಕ್ಕ ಆ ತಂತ್ರಾಂಶವನ್ನು ಕುರಿತು ನನಗೆ ಗೌರವವಿದೆ. ಅದನ್ನು ಬಲ್ಲ ಹುಡುಗಿಗೆ ಕೆಲಸ ಸಿಕ್ಕುವುದೂ ನಿಜ. ಆದರೆ ಯಂತ್ರವು ಕೂಡಿಕೊಡುತ್ತದೆ, ಹೊಂದಿಸಿಕೊಡುತ್ತದೆ. ಒಣಗಿದ ಕೊಳವೆಬಾವಿಯು ಆಸ್ತಿಯೋ ನಷ್ಟವೋ ಎಂಬ ತೀರ್ಮಾನವನ್ನು ಅದು ಮಾಡುವುದಿಲ್ಲ. ಆ ವಿವೇಚನೆಯನ್ನು ಬೆಳೆಸುವುದೇ ಮೊದಲ ಪಾಠದ ಪ್ರಯೋಜನ. ಗುಂಡಿ ಒತ್ತುವುದನ್ನು ಅನಂತರ ಎಲ್ಲಿ ಬೇಕಾದರೂ ಕಲಿಯಬಹುದು.

ಶಿಕ್ಷಣ ನೀತಿಯು ಮೇಲಿಂದ ಮೇಲೆ ಬದಲಾಗುತ್ತಿರುವ ಕಾಲವಿದು. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯು 2024ರಲ್ಲಿ ಮತ್ತೆ ಮೂರು ವರ್ಷದ್ದಾಯಿತು. ಪಠ್ಯಗಳು ಮತ್ತೊಮ್ಮೆ ರೂಪುಗೊಳ್ಳುತ್ತಿವೆ. ಆದ ಕಾರಣ ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಇದು ತಕ್ಕ ಸಮಯ. ಲೆಕ್ಕಶಾಸ್ತ್ರದ ಪ್ರವೇಶಪಾಠವನ್ನು ಎಲ್ಲ ವಿಭಾಗಗಳಿಗೂ ತೆರೆದಿಡಲಿ. ಅದನ್ನು ಕನ್ನಡದಲ್ಲಿ ಕಲಿಸುವ ಪುಸ್ತಕವೊಂದನ್ನು ಬರೆಯಿಸಲಿ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯದೋ ನೆರೆಯವರದೋ ಒಂದು ಬೆಳೆಯ ಅಥವಾ ಎರಡು ಹಸುಗಳ ಲೆಕ್ಕವನ್ನು ಆ ಅವಧಿಯುದ್ದಕ್ಕೂ ಬರೆದು ತಾಳೆಪಟ್ಟಿಯೊಡನೆ ಒಪ್ಪಿಸಿದರೆ ಅದಕ್ಕೆ ಪರೀಕ್ಷೆಯ ಅಂಕಗಳಲ್ಲಿ ಗಣನೀಯವಾದ ಭಾಗವನ್ನು ಕೊಡಲಿ. ಹೆಸರುಗಳನ್ನು ಮರೆಮಾಡಿ ಆ ಲೆಕ್ಕಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿಟ್ಟರೆ ಮುಂದಿನ ತಂಡಕ್ಕೆ ಅವೇ ಪಠ್ಯವಾಗುತ್ತವೆ.

ಇದಕ್ಕೆ ಅಧ್ಯಾಪಕರ ಕಾಲ ಹೆಚ್ಚು ಬೇಕು. ಅರವತ್ತು ವಿದ್ಯಾರ್ಥಿಗಳು ತಂದ ಅರವತ್ತು ಬೇರೆಬೇರೆ ಲೆಕ್ಕಗಳನ್ನು ನೋಡಿ ತಿದ್ದುವುದು, ಒಂದೇ ಲೆಕ್ಕದ ಅರವತ್ತು ಉತ್ತರಪತ್ರಿಕೆಗಳನ್ನು ತಿದ್ದಿದಷ್ಟು ಸುಲಭವಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಪಾಠಗಳ ಹೊರೆ ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಮೇಲಿದೆ. ತರಗತಿಗಳ ಗಂಟೆಯನ್ನಷ್ಟೇ ಎಣಿಸಿ ಅವರಿಗೆ ಗೌರವಧನ ಕೊಡುವುದಾದರೆ ಈ ಕಾರ್ಯವನ್ನು ಅವರಿಂದ ಕೇಳುವುದು ನ್ಯಾಯವಲ್ಲ. ತಿದ್ದುವ ಗಂಟೆಗಳನ್ನೂ ಕಾರ್ಯಭಾರದಲ್ಲಿ ಸೇರಿಸಿ, ಅದಕ್ಕೆ ತಗಲುವ ಹಣವನ್ನು ಉನ್ನತ ಶಿಕ್ಷಣ ಇಲಾಖೆಯು ಬರುವ ಆಯವ್ಯಯದಲ್ಲಿಯೇ ಪ್ರತ್ಯೇಕವಾಗಿ ತೋರಿಸಬೇಕು.