ಮಗಳ ಉಚ್ಚವ್ಯಾಸಂಗ

ಪದವಿ ಮುಗಿಸಿದ ಮಗಳನ್ನು ಮುಂದಿನ ವ್ಯಾಸಂಗಕ್ಕಾಗಿ ಪರವೂರಿಗೆ ಕಳುಹಿಸಲು ತಂದೆತಾಯಿಗಳು ಅಂಜುವುದು ಸಹಜವೇ. ಆದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಪದವಿ ಪಡೆದ ರಾಜೇಶ್ವರಿಯವರು 1947ನೆಯ ಇಸವಿಯಲ್ಲಿ, ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ‘ಮೆರೀನ್ ಆಡರ್’ ಎಂಬ ಹಡಗನ್ನೇರಿ, ಸುಮಾರು 30 ದಿನ ಸಮುದ್ರಯಾನ ಮಾಡಿ ಅಮೇರಿಕೆಯನ್ನು ಸೇರಿದರು. ಆಗ ಅವರಿಗೆ 25 ವರ್ಷ. ಸರಕಾರದ ವಿದ್ಯಾರ್ಥಿವೇತನವೇ ಆಧಾರ. ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಸಂಪಾದಿಸಿ, 1953ರಲ್ಲಿ ಹಿಂದಿರುಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ರಾಜೇಶ್ವರಿ ಚಟರ್ಜಿಯವರೆಂದು ಪ್ರಸಿದ್ಧರಾದವರು ಇವರೇ.

ಬಾದನಹಟ್ಟಿಯ ಕನ್ನಿಕೆಗೆ ಇಂದು ಕಡಲು ದಾಟುವ ಅಗತ್ಯವೂ ಇಲ್ಲ. 2010ರಿಂದ ಬಳ್ಳಾರಿಯಲ್ಲಿಯೇ ವಿಶ್ವವಿದ್ಯಾನಿಲಯವುಂಟು. ಆದುದರಿಂದ ವಿವಾಹದ ಮಾತೆತ್ತುವ ಮುನ್ನ ಮಗಳ ಅಪೇಕ್ಷೆಯೇನೆಂದು ಒಮ್ಮೆ ಕೇಳಬೇಕೆಂದು ವಾಚಕರಲ್ಲಿ ನಾವು ವಿಜ್ಞಾಪಿಸುತ್ತೇವೆ.