ತಟ್ಟೆ ಅಸಲಿ, ಹಾಡಿದವನಿಗೆ ಸೊನ್ನೆ

2014ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಒಂದು ಹರಾಜಿನಲ್ಲಿ ಏಳಿಂಚಿನ ಒಂದೇ ಒಂದು ರೆಕಾರ್ಡು 14,543 ಪೌಂಡಿಗೆ ಹೋಯಿತು. ಆಗಿನ ದರದಲ್ಲಿ ಹೆಚ್ಚುಕಡಿಮೆ ಹದಿನಾಲ್ಕು ಲಕ್ಷ ರೂಪಾಯಿ. ಹಾಡು 'ಓಪನ್ ದ ಡೋರ್ ಟು ಯುವರ್ ಹಾರ್ಟ್', 1966ರದ್ದು. ಹಾಡಿದವನು ಡ್ಯಾರೆಲ್ ಬ್ಯಾಂಕ್ಸ್. (ಹೆಸರಲ್ಲಿ ಬ್ಯಾಂಕ್ ಇದೆ ಅಂತ ನಾನು ಈ ಉದಾಹರಣೆ ಆರಿಸಿಕೊಂಡದ್ದಲ್ಲ!)

ಈ ಹಾಡೇನೂ ಅಪರೂಪದ್ದಲ್ಲ. ಅಮೆರಿಕದಲ್ಲಿ ಡೆಟ್ರಾಯಿಟ್‌ನ ರೆವಿಲಾಟ್ ಎಂಬ ಸಣ್ಣ ಕಂಪನಿ ಇದನ್ನು ಹೊರತಂದಾಗ ಧಾರಾಳವಾಗಿ ಮಾರಾಟವಾಯಿತು. ಆ ಅಮೆರಿಕನ್ ತಟ್ಟೆ ಇವತ್ತಿಗೂ ಸಲೀಸಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಇಂಗ್ಲೆಂಡಿನಲ್ಲಿ ಮಾತ್ರ ಒಂದು ಎಡವಟ್ಟಾಯಿತು. ಲಂಡನ್ ಎಂಬ ಲೇಬಲ್ಲಿನವರು ಅಚ್ಚು ಹಾಕಿದರು. ಹಕ್ಕು ನೋಡಿದರೆ ಸ್ಟೇಟ್‌ಸೈಡ್ ಲೇಬಲ್ಲಿಗೆ ಸೇರಿತ್ತು. ಲಂಡನ್ ತಟ್ಟೆಗಳನ್ನು ಹಿಂದಕ್ಕೆ ತೆಗೆದುಕೊಂಡರು. ಹೇಗೋ ಉಳಿದುಕೊಂಡ ಬೆರಳೆಣಿಕೆಯವುಗಳಲ್ಲಿ ಒಂದಕ್ಕೆ ಆ ಹದಿನಾಲ್ಕು ಲಕ್ಷ. ಅದೇ ಹಾಡು, ಅದೇ ದನಿ. ಬೇರೆಯಾದದ್ದು ನಡುವಿನ ಕಾಗದ ಮಾತ್ರ.

ಇನ್ನು ಡ್ಯಾರೆಲ್ ಬ್ಯಾಂಕ್ಸ್ ಕಥೆ ಕೇಳಿ. 1970ರಲ್ಲಿ ಡೆಟ್ರಾಯಿಟ್‌ನಲ್ಲಿ, ಡ್ಯೂಟಿಯಲ್ಲಿಲ್ಲದ ಪೊಲೀಸನೊಬ್ಬನ ಗುಂಡಿಗೆ ಸತ್ತ. ವಯಸ್ಸು 32. ಅವನ ಸಮಾಧಿಗೆ ಹೆಸರಿನ ಫಲಕ ಬಂದದ್ದು 2004ರಲ್ಲಿ, ಅದೂ ಅಭಿಮಾನಿಗಳು ಚಂದಾ ಎತ್ತಿದ ಮೇಲೆ. ಮೂವತ್ತನಾಲ್ಕು ವರ್ಷ ಹೆಸರಿಲ್ಲದ ಗೋರಿ! ತಟ್ಟೆಯ ಮೇಲಿನ ಹೆಸರಿಗೆ ಲಕ್ಷಗಟ್ಟಲೆ, ಗೋರಿಯ ಮೇಲಿನ ಹೆಸರಿಗೆ ಚಂದಾ. ನನ್ನ ತಕರಾರು ಇರುವುದು ಇಲ್ಲಿಯೇ.

ಹಾಗಂತ ಈ ಹವ್ಯಾಸವನ್ನೇ ಹೀಗಳೆಯುವವರ ಗುಂಪಿಗೆ ನಾನು ಸೇರಿದವನಲ್ಲ. ಮುಂಬೈಗೆ ಬಂದು ಮೂರು ದಶಕದ ಮೇಲಾಯಿತು. ಚೋರ್ ಬಜಾರಿನಲ್ಲಿ ಮಂಡಿಯೂರಿ ಕೂತು ಧೂಳು ಹಿಡಿದ ರೆಕಾರ್ಡು ಮಗುಚುವ ಚಟ ನನಗೂ ಉಂಟು. "ಎಲ್ಲಾ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತಲ್ಲ ಸಾರ್, ಯಾವ ಅಚ್ಚಾದರೇನು?" ಎಂದು ನಮ್ಮ ಆಫೀಸಿನ ಹುಡುಗರು ನಗುತ್ತಾರೆ. ನೋಟು ಎಣಿಸಿ ಬೆಳೆದ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಅಸಲಿ ಯಾವುದು, ಖೋಟಾ ಯಾವುದು ಎಂದು ಗುರುತಿಸುವುದು ಒಂದು ವಿದ್ಯೆ. ಬೆಳಕಿಗೆ ಹಿಡಿಯಬೇಕು, ಬೆರಳಲ್ಲಿ ಸವರಬೇಕು, ನಂಬರು ಓದಬೇಕು. ರೆಕಾರ್ಡಿಗೂ ಅಷ್ಟೇ.

ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಒಂದು ಖಾಲಿ ಪಟ್ಟಿ ಉಳಿಯುತ್ತದಲ್ಲ, ನಿಜವಾದ ಸಾಕ್ಷಿ ಅಲ್ಲಿದೆ. ಮ್ಯಾಟ್ರಿಕ್ಸ್ ನಂಬರು ಕೈಯಿಂದ ಗೀಚಿದ್ದೋ, ಯಂತ್ರದಿಂದ ಒತ್ತಿದ್ದೋ ನೋಡಬೇಕು. 'ಬೆಲ್ ಸೌಂಡ್' ಎಂಬ ಮುದ್ರೆ ಇದ್ದರೆ ನ್ಯೂಯಾರ್ಕಿನಲ್ಲಿ ಕತ್ತರಿಸಿದ್ದು. 'ನ್ಯಾಶ್‌ವಿಲ್ ಮ್ಯಾಟ್ರಿಕ್ಸ್' ಇದ್ದರೆ ದಕ್ಷಿಣದ ಕಡೆಯದ್ದು. ಪುಟ್ಟ ತ್ರಿಕೋನ, ಅದರ ಪಕ್ಕ ಒಂದು ಸಂಖ್ಯೆ ಇದ್ದರೆ ಲಾಸ್ ಏಂಜಲೀಸಿನ ಮೊನಾರ್ಕ್ ಕಾರ್ಖಾನೆಯದ್ದು. ಆ ಸಂಖ್ಯೆ ಸರದಿಯಂತೆ ಏರುತ್ತಾ ಹೋಗುವುದರಿಂದ ಅಚ್ಚಾದ ಕಾಲವನ್ನೂ ಅಂದಾಜು ಮಾಡಬಹುದು. ನಮ್ಮ ಲೆಡ್ಜರ್ ಫೋಲಿಯೋ ಇದ್ದ ಹಾಗೆ! ತಟ್ಟೆ ವಿನೈಲಿನದ್ದೋ ಸ್ಟೈರೀನಿನದ್ದೋ ಎಂಬುದೂ ಮುಖ್ಯ. ಸ್ಟೈರೀನ್ ಹಗುರ, ಬಾಗುವುದಿಲ್ಲ, ಉಗುರಿನಿಂದ ತಟ್ಟಿದರೆ ಸದ್ದೇ ಬೇರೆ. ಸವೆದ ಮುಳ್ಳು ತಾಗಿದರೆ ಬೇಗ ಕೆಡುತ್ತದೆ. ಖೋಟಾ ಮಾಡುವವನು ಲೇಬಲ್ಲನ್ನು ಸುಲಭವಾಗಿ ನಕಲು ಮಾಡುತ್ತಾನೆ, ಆದರೆ ಅಕ್ಷರದ ಅಂಚು ಮಸುಕಾಗಿರುತ್ತದೆ, ಖಾಲಿ ಪಟ್ಟಿಯ ಕೈಬರಹ ಹೊಂದುವುದಿಲ್ಲ. ಇನ್ನೊಂದು ತಟ್ಟೆಯಿಂದಲೇ ಹಾಡು ಎತ್ತಿದ್ದರೆ ಆ ಹಳೆಯ ತಟ್ಟೆಯ ಚಟಪಟ ಸದ್ದೂ ಹೊಸದರೊಳಗೆ ಕೂತಿರುತ್ತದೆ.

ಅರವತ್ತರ ದಶಕದ ಎಷ್ಟೋ ಸೋಲ್ ಕಂಪನಿಗಳು ಒಂದು ಕೋಣೆಯ ಅಂಗಡಿಗಳು. ಎರಡು ಹಾಡು ಹೊರತಂದು ಬಾಗಿಲು ಹಾಕಿದವು. ಖಾತೆಪುಸ್ತಕ ಉಳಿದಿಲ್ಲ. ಅಂಥ ಕಡೆ ಆ ತಟ್ಟೆಯೇ ದಾಖಲೆ. ಆದ್ದರಿಂದ ಇದನ್ನು ಹುಚ್ಚು ಎನ್ನುವವರಿಗೆ ನನ್ನ ನಮಸ್ಕಾರ, ಮುಂದೆ ಹೋಗಿ.

ನನ್ನ ಜಗಳ ಇನ್ನೊಂದು ಕಡೆಯವರ ಜೊತೆ. ಇಂಗ್ಲೆಂಡಿನ ಉತ್ತರ ಭಾಗದ ಕ್ಲಬ್ಬುಗಳಲ್ಲಿ ಬೆಳೆದ 'ನಾರ್ದರ್ನ್ ಸೋಲ್' ಪಂಥದಲ್ಲಿ ಒಂದು ಮಡಿ ಇದೆ. ಡಿಜೆ ನುಡಿಸುವುದು ಮೊದಲ ಅಚ್ಚಿನ ಅಸಲಿ ತಟ್ಟೆಯೇ ಆಗಿರಬೇಕು. ಮರುಮುದ್ರಣ ಇಟ್ಟರೆ ಮೈಲಿಗೆ! 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೋದ ಕಾಲದಲ್ಲಿ ಡಿಜೆಗಳು ತಮ್ಮ ಅಪರೂಪದ ತಟ್ಟೆಯ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಹಾಡಿಗೂ ಹಾಡಿದವನಿಗೂ ಸುಳ್ಳು ಹೆಸರಿಡುತ್ತಿದ್ದರು. ಉಳಿದವರಿಗೆ ಸಿಗಬಾರದಲ್ಲ, ಅದಕ್ಕೆ. ಯೋಚಿಸಿ ನೋಡಿ: ಹಾಡಿದವನ ಹೆಸರನ್ನೇ ಮುಚ್ಚಿಟ್ಟು ಅವನ ಹಾಡಿಗೆ ಕುಣಿಸುವುದು!

ಫ್ರಾಂಕ್ ವಿಲ್ಸನ್‌ಗೆ ಆದದ್ದೂ ಇಂಥದ್ದೇ. 1965ರಲ್ಲಿ ಮೋಟೌನ್ ಕಂಪನಿಯ 'ಸೋಲ್' ಲೇಬಲ್ಲಿಗೆ ಅವನು ಹಾಡಿದ 'ಡು ಐ ಲವ್ ಯು' ಬಿಡುಗಡೆಯಾಗದೆ ನಿಂತುಹೋಯಿತು. ಅಚ್ಚಾದ ತಟ್ಟೆಗಳನ್ನು ನಾಶ ಮಾಡಿದರೆಂದು ಹೇಳುತ್ತಾರೆ. ಎಪ್ಪತ್ತರ ದಶಕದಲ್ಲಿ ಅದು 'ಎಡ್ಡಿ ಫಾಸ್ಟರ್' ಎಂಬ ಬೇರೆ ಹೆಸರಿನಲ್ಲಿ ಕಳ್ಳ ಅಚ್ಚಾಗಿ ಹೊರಬಂತು. 1979ರಲ್ಲಿ ಟ್ಯಾಮ್ಲಾ ಮೋಟೌನ್ ಅಧಿಕೃತವಾಗಿ ಇಂಗ್ಲೆಂಡಿನಲ್ಲಿ ಬಿಡುಗಡೆ ಮಾಡಿತು. ಮೂಲ ತಟ್ಟೆಯೊಂದು 2009ರಲ್ಲಿ 25,742 ಪೌಂಡಿಗೆ ಮಾರಾಟವಾಯಿತು. 2020ರಲ್ಲಿ ಒಂದು ಲಕ್ಷ ಪೌಂಡಿನ ವ್ಯವಹಾರದ ಸುದ್ದಿಯೂ ಬಂತು. ವಿಲ್ಸನ್ 2012ರಲ್ಲಿ ತೀರಿಕೊಂಡ.

ಈಗ ಲೆಕ್ಕಕ್ಕೆ ಬರೋಣ, ಅದು ನನ್ನ ಕಸುಬು. ಈ ಹಾಡಿಗೆ ಮೂರು ಬಗೆಯ ತಟ್ಟೆಗಳಿವೆ. ಕಳ್ಳ ಅಚ್ಚು: ಹಣ ಕಳ್ಳನಿಗೆ. ಮೊದಲ ಅಚ್ಚು: ಹಣ ಹಿಂದಿನ ಮಾಲೀಕನಿಗೆ ಮತ್ತು ಹರಾಜಿನವನಿಗೆ. ಪರವಾನಗಿ ಪಡೆದ ಮರುಮುದ್ರಣ: ಇದೊಂದರಲ್ಲೇ ಹಕ್ಕುದಾರರಿಗೆ, ಹಾಡು ಕಟ್ಟಿದವರಿಗೆ ಏನಾದರೂ ತಲುಪುವ ದಾರಿ ಇದೆ. ಆ ದಾರಿಯಲ್ಲೂ ಸೋರಿಕೆ ಇದೆ, ಗೊತ್ತು. ಕಲಾವಿದರಿಗೆ ಮೋಸದ ಕರಾರು ಬರೆಸಿಕೊಂಡ ಕಂಪನಿಗಳು ಕಡಿಮೆಯೇನಲ್ಲ. ಆದರೂ ಉಳಿದೆರಡರಲ್ಲಿ ದಾರಿಯೇ ಇಲ್ಲ. ಹಾಗಿದ್ದ ಮೇಲೆ ಮಡಿವಂತರು 'ಮೈಲಿಗೆ' ಎನ್ನುವ ತಟ್ಟೆಯೇ ಮೂರರಲ್ಲಿ ಹೆಚ್ಚು ಪ್ರಾಮಾಣಿಕ ಅಲ್ಲವೇ? 1982ರಿಂದ ಕೆಂಟ್ ಎಂಬ ಲೇಬಲ್ಲು ಇಂಥ ಮರೆತ ಹಾಡುಗಳನ್ನು ಪರವಾನಗಿ ಪಡೆದು, ಹಾಡುಗಾರರ ವಿವರಗಳನ್ನು ಬರೆದು ಹೊರತರುತ್ತಾ ಬಂದಿದೆ. ಎಷ್ಟೋ ಸಲ ಮೂಲ ಟೇಪನ್ನೇ ಹುಡುಕಿ ತೆಗೆದಿದ್ದಾರೆ. ಇದಲ್ಲವೇ ಸೇವೆ?

"ಹಳೆಯ ಪುಸ್ತಕ ಕೊಂಡಾಗಲೂ ಲೇಖಕನಿಗೆ ಏನೂ ಹೋಗುವುದಿಲ್ಲವಲ್ಲ" ಎನ್ನಬಹುದು ನೀವು. ಸರಿ. ಆದರೆ ಇಂಗ್ಲೆಂಡಿನಲ್ಲಿ 2006ರಿಂದ ಚಿತ್ರಕಲಾವಿದರಿಗೆ ಒಂದು ಹಕ್ಕಿದೆ. ವರ್ಣಚಿತ್ರ ಹರಾಜಿನಲ್ಲೋ ಗ್ಯಾಲರಿಯಲ್ಲೋ ಮರುಮಾರಾಟವಾದಾಗ ಶೇಕಡಾ 4ರವರೆಗೆ ಕಲಾವಿದನಿಗೆ ಅಥವಾ ವಾರಸುದಾರರಿಗೆ ಸಲ್ಲಬೇಕು. ಹಾಡುಗಾರನಿಗೆ ಆ ಭಾಗ್ಯವಿಲ್ಲ. ಅಮೆರಿಕದಲ್ಲಂತೂ ಮಾಮೂಲಿ ರೇಡಿಯೋದಲ್ಲಿ ಹಾಡು ಬಂದರೆ ಹಾಡಿದವನಿಗೆ ಕಾಸಿಲ್ಲ. 1972ಕ್ಕೆ ಮುಂಚಿನ ಧ್ವನಿಮುದ್ರಣಗಳಿಗೆ ಡಿಜಿಟಲ್ ಪ್ರಸಾರದ ಗೌರವಧನ ಕಾನೂನಿನಲ್ಲಿ ಖಾತ್ರಿಯಾದದ್ದೇ 2018ರಲ್ಲಿ. ಅಷ್ಟರಲ್ಲಿ ಎಷ್ಟು ಜನ ಹೋಗಿಯೇಬಿಟ್ಟಿದ್ದರು!

"ಸಂಗ್ರಾಹಕರಿಲ್ಲದಿದ್ದರೆ ಈ ಹಾಡುಗಳೇ ಉಳಿಯುತ್ತಿರಲಿಲ್ಲ" ಎಂಬುದು ಇನ್ನೊಂದು ವಾದ. ಇದು ನಿಜ, ನೂರಕ್ಕೆ ನೂರು ಒಪ್ಪುತ್ತೇನೆ. ಅಮೆರಿಕದ ಗೋದಾಮುಗಳಲ್ಲಿ ಕೊಳೆಯುತ್ತಿದ್ದದ್ದನ್ನು ಎತ್ತಿ ತಂದವರು ಅವರೇ. ಬ್ಯಾಂಕ್ಸ್‌ನ ಗೋರಿಗೆ ಚಂದಾ ಕೊಟ್ಟವರೂ ಈ ಸಂಗೀತದ ಅಭಿಮಾನಿಗಳೇ. ಆದರೆ ಉಳಿಸಿದ ಪುಣ್ಯವನ್ನು ಬಡ್ಡಿಸಮೇತ ಜೇಬಿಗಿಳಿಸಿಕೊಂಡರೆ ಅದನ್ನು ಪುಣ್ಯ ಎನ್ನಲು ಬರುವುದಿಲ್ಲ, ಠೇವಣಿ ಎನ್ನಬೇಕು.

"ಮೊದಲ ಅಚ್ಚಿನ ನಾದವೇ ಬೇರೆ" ಎನ್ನುವವರೂ ಇದ್ದಾರೆ. ಕೆಲವು ಸಲ ಹೌದು. ಸಿಂಗಲ್‌ನ ಮಿಶ್ರಣಕ್ಕೂ ಎಲ್ಪಿಯದಕ್ಕೂ ವ್ಯತ್ಯಾಸ ಇರುವುದುಂಟು. ಆದರೆ ಮೊದಲು ಹೇಳಿದ ಬ್ಯಾಂಕ್ಸ್ ತಟ್ಟೆ ನೋಡಿ. ಹಾಡಿನ ತವರಿನಲ್ಲೇ ಮೊದಲು ಅಚ್ಚಾದ ರೆವಿಲಾಟ್ ತಟ್ಟೆ ಅಗ್ಗ, ಇಂಗ್ಲೆಂಡಿನ ಲಂಡನ್ ತಟ್ಟೆ ದುಬಾರಿ. ನಾದಕ್ಕೇ ಬೆಲೆ ಎಂದಾದರೆ ಈ ಲೆಕ್ಕ ಹೇಗೆ ತಾಳೆಯಾಗುತ್ತದೆ ಸ್ವಾಮಿ?

ನಾನು ಕೇಳುವುದು ಇಷ್ಟೇ. ಅಚ್ಚು ಗುರುತಿಸುವ ವಿದ್ಯೆಯನ್ನು ಗುಟ್ಟು ಮಾಡಬೇಡಿ, ಹೊಸಬರಿಗೆ ಹೇಳಿಕೊಡಿ. ಕಳ್ಳ ಅಚ್ಚಿನವನ ಹೊಟ್ಟೆ ತುಂಬದಿರಲಿ. ಪರವಾನಗಿಯ ಮರುಮುದ್ರಣವನ್ನು ಕೀಳಾಗಿ ನೋಡಬೇಡಿ. ಸಾವಿರಾರು ಪೌಂಡಿನ ವಹಿವಾಟು ಮಾಡುವವರು, ಕಾನೂನು ಬರುವವರೆಗೆ ಕಾಯದೆ, ವರ್ಣಚಿತ್ರಕ್ಕೆ ಕೊಡುವ ಆ ಶೇಕಡಾ 4ನ್ನು ತಾವಾಗಿಯೇ ತೆಗೆದಿಡಲಿ. ಹಾಡಿದವನಿಗೆ, ಅವನಿಲ್ಲದಿದ್ದರೆ ಮನೆಯವರಿಗೆ, ಅವರೂ ಸಿಗದಿದ್ದರೆ ಕಷ್ಟದಲ್ಲಿರುವ ಹಳೆಯ ಹಾಡುಗಾರರಿಗೆ.

14,543 ಪೌಂಡಿಗೆ ಶೇಕಡಾ 4 ಎಂದರೆ 581 ಪೌಂಡು, ಮೇಲೆ ಚಿಲ್ಲರೆ. ಅಷ್ಟು ಬೆಲೆ ಕೊಟ್ಟು ಕೊಳ್ಳುವವನಿಗೆ ಇದು ಹೊರೆಯಲ್ಲ. ಚೆಕ್ಕಿನ ಮೇಲೆ ಸಹಿ ಅಸಲಿ ಹೌದೋ ಅಲ್ಲವೋ ಎಂದು ನಾವು ಬ್ಯಾಂಕಿನಲ್ಲಿ ಭೂತಗನ್ನಡಿ ಹಿಡಿದು ನೋಡುವುದು, ದುಡ್ಡು ಸಲ್ಲಬೇಕಾದವನಿಗೇ ಸಲ್ಲಲಿ ಅಂತ. ತಟ್ಟೆಯ ಮೇಲೆ ಭೂತಗನ್ನಡಿ ಹಿಡಿಯುವವರೂ ಆ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಲಿ.